ಅಂಚೆಚೀಟಿಯ ತಾವರೆ: ರಾಷ್ಟ್ರಪುಷ್ಪದ ಕಲ್ಪನೆ ಮತ್ತು 1977ರ ಹೂವಿನ ಚೀಟಿಗಳು

1977ರ ಜುಲೈ 1ರಂದು ಭಾರತೀಯ ಅಂಚೆ ಮತ್ತು ತಂತಿ ಇಲಾಖೆಯು ಹೂವುಗಳ ಚಿತ್ರವಿರುವ ನಾಲ್ಕು ಅಂಚೆಚೀಟಿಗಳನ್ನು ಒಟ್ಟಿಗೆ ಹೊರತಂದಿತು. 25 ಪೈಸೆಯ ಚೀಟಿಯಲ್ಲಿ ತಾವರೆ, 50 ಪೈಸೆಯದರಲ್ಲಿ ರೋಡೋಡೆಂಡ್ರಾನ್, ಒಂದು ರೂಪಾಯಿಯದರಲ್ಲಿ ಕದಂಬ, ಎರಡು ರೂಪಾಯಿಯದರಲ್ಲಿ ನಮ್ಮಲ್ಲಿ ಗೌರಿ ಹೂವೆಂದು ಕರೆಯುವ ಗ್ಲೋರಿಯೋಸ. ಆ ವರ್ಷಗಳಲ್ಲಿ ಬಿಡುಗಡೆಯಾದ ಸ್ಮಾರಕ ಚೀಟಿಗಳಲ್ಲಿ ಹೆಚ್ಚಿನವುಗಳ ಬೆಲೆ 25 ಪೈಸೆ. ದೇಶದೊಳಗಿನ ಸಾಮಾನ್ಯ ಲಕೋಟೆಗೆ ಅಂಟಿಸುತ್ತಿದ್ದುದು ಅದನ್ನೇ. ಆದ್ದರಿಂದ ಈ ನಾಲ್ಕರಲ್ಲಿ ಅತಿ ಹೆಚ್ಚು ಮನೆಗಳ ಬಾಗಿಲನ್ನು ತಲುಪಬಹುದಾದ ಚೀಟಿ ತಾವರೆಯದಾಗಿತ್ತು. ಚೀಟಿ ಸಂಗ್ರಾಹಕರ ಸೂಚಿಗಳಲ್ಲಿ ಈ ನಾಲ್ಕೂ ಒಂದೇ ಸಾಲಿನಲ್ಲಿ, ಹೂವಿನ ಹೆಸರುಗಳಿಂದಲೇ ದಾಖಲಾಗಿವೆ. ಆದರೂ ಸಾಮಾನ್ಯ ಓದುಗನ ಮಟ್ಟಿಗೆ ಉಳಿದ ಮೂರು ಹೂವುಗಳು, ಮೊದಲನೆಯದು ರಾಷ್ಟ್ರಪುಷ್ಪ.

ತಾವರೆಯು ಭಾರತದ ರಾಷ್ಟ್ರಪುಷ್ಪವೆಂಬ ಮಾತು ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ಸರ್ಕಾರದ ಪ್ರಕಟಣೆಗಳಲ್ಲಿಯೂ ಪ್ರಶ್ನಾತೀತವೆಂಬಂತೆ ಬಳಕೆಯಲ್ಲಿದೆ. ರಾಷ್ಟ್ರಧ್ವಜವನ್ನು ಸಂವಿಧಾನ ಸಭೆಯು 1947ರ ಜುಲೈ 22ರಂದು ಅಂಗೀಕರಿಸಿತು. ರಾಷ್ಟ್ರಗೀತೆಯನ್ನು 1950ರ ಜನವರಿ 24ರಂದು, ರಾಷ್ಟ್ರಲಾಂಛನವನ್ನು ಅದೇ ತಿಂಗಳ 26ರಂದು ಸ್ವೀಕರಿಸಲಾಯಿತು. ತಾವರೆಗೆ ಇಂತಹ ದಿನಾಂಕವೊಂದಿಲ್ಲ. 2019ರ ಜುಲೈ ತಿಂಗಳಲ್ಲಿ ರಾಜ್ಯಸಭೆಯ ಪ್ರಶ್ನೆಯೊಂದಕ್ಕೆ ಗೃಹಖಾತೆಯ ರಾಜ್ಯ ಸಚಿವರು ಕೊಟ್ಟ ಲಿಖಿತ ಉತ್ತರದ ಪ್ರಕಾರ ಹುಲಿ ಮತ್ತು ನವಿಲುಗಳನ್ನು ರಾಷ್ಟ್ರಪ್ರಾಣಿ, ರಾಷ್ಟ್ರಪಕ್ಷಿಗಳೆಂದು ಅಧಿಸೂಚಿಸಲಾಗಿದೆ. ಹೂವಿನ ಬಗ್ಗೆ ಅಂತಹ ಅಧಿಸೂಚನೆ ಹೊರಟಿಲ್ಲ. ಕಾನೂನಿನ ಪತ್ರವಿಲ್ಲದ ಕಡೆ ನಾಣ್ಯ, ಪದಕ, ಪಠ್ಯಪುಸ್ತಕ, ಅಂಚೆಚೀಟಿಗಳೇ ಚರಿತ್ರಕಾರನ ಆಕರಗಳಾಗುತ್ತವೆ. ರಾಷ್ಟ್ರಪುಷ್ಪವನ್ನು ಮೊದಲು ಘೋಷಿಸಿ ಅನಂತರ ಅಚ್ಚು ಹಾಕಲಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಭಾರತದ ಮಟ್ಟಿಗೆ ನಡೆದದ್ದು ತಿರುವುಮುರುವು. ಮತ್ತೆ ಮತ್ತೆ ಅಚ್ಚಾಗುತ್ತ ಬಂದುದರಿಂದಲೇ ತಾವರೆಗೆ ಆ ಸ್ಥಾನ ಬಂದಿತು.

ಹೀಗಿರುವಾಗ ಸ್ವತಂತ್ರ ಭಾರತದ ಮೊದಲ ಚೀಟಿಗಳಲ್ಲಿ ತಾವರೆ ಕಾಣದಿರುವುದು ಗಮನಾರ್ಹ. 1947ರ ನವೆಂಬರ್ 21ರ ಮೂರೂವರೆ ಆಣೆಯ ಚೀಟಿಯಲ್ಲಿ ತ್ರಿವರ್ಣಧ್ವಜವಿದೆ. ಡಿಸೆಂಬರ್ 15ರಂದು ಬಂದ ಇನ್ನೆರಡರಲ್ಲಿ ಅಶೋಕಸ್ತಂಭದ ಸಿಂಹಶೀರ್ಷ ಮತ್ತು ವಿಮಾನಗಳಿವೆ. ಗಣರಾಜ್ಯದ ಉದ್ಘಾಟನೆಗಾಗಿ 1950ರ ಜನವರಿ 26ರಂದು ಹೊರಟ ನಾಲ್ಕು ಚೀಟಿಗಳ ವಸ್ತು ಸಂಭ್ರಮಿಸುವ ಜನಸಮೂಹ, ಲೇಖನಿ ಮತ್ತು ಮಸಿಕುಡಿಕೆ, ತೆನೆ ಮತ್ತು ನೇಗಿಲು, ಚರಕ ಮತ್ತು ಬಟ್ಟೆ. ಸಸ್ಯಲೋಕದಿಂದ ಗಣರಾಜ್ಯವು ಆಯ್ದುಕೊಂಡದ್ದು ಹೂವನ್ನಲ್ಲ, ಧಾನ್ಯದ ತೆನೆಯನ್ನು. ದೇಶವಿಭಜನೆ ಮತ್ತು ಆಹಾರದ ಕೊರತೆಗಳ ಆ ಕಾಲದಲ್ಲಿ ಈ ಆಯ್ಕೆಯ ಅರ್ಥವನ್ನು ವಿವರಿಸಬೇಕಾದ ಅಗತ್ಯವಿಲ್ಲ. 1960ರ ದಶಕದ ನಡುವಿನಿಂದ ಬಳಕೆಗೆ ಬಂದ ದೈನಂದಿನ ಚೀಟಿಗಳ ಮಾಲಿಕೆಯಲ್ಲಿಯೂ ಬೀದರಿನ ಬಿದರಿ ಹೂಜಿ, ಹಂಪೆಯ ಕಲ್ಲಿನ ರಥ, ಭಾಕ್ರಾ ಅಣೆಕಟ್ಟು, ಪರಮಾಣು ರಿಯಾಕ್ಟರ್ ಇವೆ, ಮಾವಿನ ಹಣ್ಣುಗಳೂ ಇವೆ; ತಾವರೆಗೆ ಪ್ರತ್ಯೇಕ ಚೀಟಿಯಿಲ್ಲ.

ರಾಷ್ಟ್ರಲಾಂಛನದಲ್ಲಿ ಈ ಗೈರುಹಾಜರಿ ಇನ್ನೂ ಸ್ಪಷ್ಟ. ಸಾರನಾಥದ ಮೂಲ ಸ್ತಂಭಶೀರ್ಷದಲ್ಲಿ ಸಿಂಹಗಳು ನಿಂತ ಫಲಕದ ಕೆಳಗೆ ತಲೆಕೆಳಗಾಗಿ ಬಾಗಿದ, ಘಂಟೆಯಾಕಾರದ ತಾವರೆಯಿದೆ. ಲಾಂಛನವನ್ನು ರೂಪಿಸಿದಾಗ ಆ ತಾವರೆಯನ್ನು ಬಿಟ್ಟು ಫಲಕದಿಂದ ಮೇಲಿನ ಭಾಗವನ್ನಷ್ಟೇ ಇಟ್ಟುಕೊಳ್ಳಲಾಯಿತು. ಇದಕ್ಕೆ ವಿನ್ಯಾಸದ ಸೌಕರ್ಯವೇ ಕಾರಣವಿರಬಹುದು, ಅದರಲ್ಲಿ ಬೇರೆ ಅರ್ಥವನ್ನು ಹುಡುಕುವುದು ಅತಿಯಾದೀತು. ಆದರೆ 1950ರಲ್ಲಿ ತಾವರೆಯು ರಾಷ್ಟ್ರಪುಷ್ಪವೆಂಬ ನಿಶ್ಚಿತ ಸ್ಥಾನವನ್ನು ಪಡೆದಿದ್ದರೆ ಅದನ್ನು ಇಷ್ಟು ಸುಲಭವಾಗಿ ಬಿಡಲಾಗುತ್ತಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ.

ಹಾಗೆಂದು ಆ ಕಾಲದ ಚೀಟಿಗಳಲ್ಲಿ ತಾವರೆ ಸಂಪೂರ್ಣವಾಗಿ ಇಲ್ಲವೆಂದು ತೀರ್ಮಾನಿಸುವುದೂ ಸರಿಯಲ್ಲ. 1949ರ ಆಗಸ್ಟ್ 15ರಂದು ಹದಿನಾರು ಚೀಟಿಗಳ ಪುರಾತತ್ತ್ವ ಮಾಲಿಕೆ ಪ್ರಕಟವಾಯಿತು. ಅದರಲ್ಲಿ ವಿಜಾಪುರದ ಗೋಳಗುಮ್ಮಟವಿದೆ. ಆದಿಲಶಾಹಿ ವಾಸ್ತುಶೈಲಿಯ ಒಂದು ಮುಖ್ಯ ಲಕ್ಷಣವೆಂದರೆ ಗುಮ್ಮಟವು ಬಿರಿದ ದಳಗಳ ನಡುವಿನಿಂದ ಮೇಲೇಳುವ ಮೊಗ್ಗಿನಂತೆ ಕಾಣುವುದು. ಮುಹಮ್ಮದ್ ಆದಿಲಶಾಹನ ಈ ಸಮಾಧಿಯ ಗುಮ್ಮಟದ ಬುಡದಲ್ಲಿಯೂ ತಾವರೆಯ ದಳಗಳ ಸಾಲು ಸುತ್ತುವರಿದಿದೆ. ಅದೇ ಮಾಲಿಕೆಯ ತಾಜಮಹಲಿನ ಗುಮ್ಮಟದ ನೆತ್ತಿಯಲ್ಲಿ ಕವುಚಿದ ತಾವರೆಯಿದೆ. ಸಾಂಚಿಯ ಪೂರ್ವದ್ವಾರಕ್ಕೂ ಒಂದು ಚೀಟಿ ಮೀಸಲಾಗಿದೆ. ಸಾಂಚಿಯ ತೋರಣಗಳಲ್ಲಿ ತಾವರೆಯ ಮೇಲಿನ ಗಜಲಕ್ಷ್ಮಿಯ ಶಿಲ್ಪಗಳು ಪ್ರಸಿದ್ಧ. ಅಂಗುಲದಷ್ಟಿರುವ ಚೀಟಿಯಲ್ಲಿ ಈ ವಿವರಗಳು ಕಣ್ಣಿಗೆ ಬೀಳುವುದು ಕಷ್ಟ. ಆದರೂ ತಾವರೆಯು ಭಾರತದ ಅಂಚೆಚೀಟಿಗೆ ಮೊದಲು ಬಂದದ್ದು ಹೂವಾಗಿ ಅಲ್ಲ, ಕಟ್ಟಡದ ಅಂಗವಾಗಿ ಎಂಬುದು ಇದರಿಂದ ವಿದಿತವಾಗುತ್ತದೆ. ಹಾಗೆ ಬಂದ ತಾವರೆ ಬೌದ್ಧ ಸ್ತೂಪದ್ದೂ ಹೌದು, ಸುಲ್ತಾನರ ಮತ್ತು ಮೊಗಲರ ಸಮಾಧಿಗಳದ್ದೂ ಹೌದು. ತಾವರೆಯನ್ನು ಒಂದೇ ಮತದ ಸಂಕೇತವೆಂದು ಓದುವವರೂ, ಅದೇ ಕಾರಣಕ್ಕೆ ಅದನ್ನು ಶಂಕಿಸುವವರೂ 1949ರ ಈ ಮಾಲಿಕೆಯನ್ನು ಗಮನಿಸಿದಂತಿಲ್ಲ.

ಹೂವೊಂದು ರಾಷ್ಟ್ರದ ಸಂಕೇತವಾಗುವ ಕ್ರಮ ಎಲ್ಲ ದೇಶಗಳಲ್ಲಿ ಒಂದೇ ಬಗೆಯದಲ್ಲ. ಉತ್ತರ ಅಮೆರಿಕದ ಬ್ರಿಟಿಷ್ ವಸಾಹತಾಗಿದ್ದ ನೋವಾ ಸ್ಕೋಷಿಯಾ 1851ರಲ್ಲಿ ಹೊರತಂದ ಚೀಟಿಗಳಲ್ಲಿ ಕಿರೀಟದ ಸುತ್ತ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್, ಐರ್ಲೆಂಡಿನ ಶ್ಯಾಮ್‌ರಾಕ್ ಎಲೆಗಳಿವೆ. ಅವುಗಳ ಜೊತೆಗೆ ಆ ವಸಾಹತಿನದೇ ಆದ ಮೇಫ್ಲವರ್ ಹೂವೂ ಸೇರಿದೆ. ಸಾಮ್ರಾಜ್ಯದ ಹೂಗಳ ಪಕ್ಕದಲ್ಲಿ ತನ್ನ ನೆಲದ ಹೂವಿಗೂ ಸ್ಥಳ ಮಾಡಿಕೊಂಡ ಈ ಚೀಟಿ ಪುಷ್ಪಸಂಕೇತದ ಬಹು ಹಳೆಯ ಅಂಚೆ ದಾಖಲೆಗಳಲ್ಲಿ ಒಂದು.

ಭಾರತಕ್ಕೆ ಹೆಚ್ಚು ಹತ್ತಿರವಾದ ನಿದರ್ಶನವೆಂದರೆ ಜಪಾನಿನದು. 1871ರಲ್ಲಿ ಅಂಚೆಚೀಟಿಯನ್ನು ಆರಂಭಿಸಿದಾಗ ಯೂರೋಪಿನ ರೂಢಿಯಂತೆ ದೊರೆಯ ಮುಖವನ್ನು ಅಚ್ಚು ಹಾಕಲು ಜಪಾನ್ ಒಪ್ಪಲಿಲ್ಲ. ಚಕ್ರವರ್ತಿಯ ಮುಖದ ಮೇಲೆ ಅಂಚೆಯ ಮುದ್ರೆಯ ಮಸಿ ಬೀಳುವುದು ಅಲ್ಲಿನ ಭಾವನೆಗೆ ಒಗ್ಗುವಂತಿರಲಿಲ್ಲ. ಮುಖದ ಸ್ಥಾನಕ್ಕೆ ಬಂದದ್ದು ರಾಜಮನೆತನದ ಮುದ್ರೆಯಾದ ಸೇವಂತಿಗೆ. ಮೇಜಿ ಚಕ್ರವರ್ತಿಯ ವಿವಾಹದ ಬೆಳ್ಳಿಹಬ್ಬಕ್ಕಾಗಿ 1894ರ ಮಾರ್ಚ್ 9ರಂದು ಪ್ರಕಟವಾದ, ಜಪಾನಿನ ಮೊದಲ ಸ್ಮಾರಕ ಚೀಟಿಗಳಲ್ಲಿ ದಂಪತಿಗಳ ಚಿತ್ರವಿಲ್ಲ. ಸೇವಂತಿಗೆಯ ಮುದ್ರೆಯೂ ಕೊಕ್ಕರೆಗಳೂ ಇವೆ. ಎರಡನೆಯ ಮಹಾಯುದ್ಧದ ಸೋಲಿನ ಅನಂತರ, 1947ರಲ್ಲಿ, ಆ ಮುದ್ರೆ ಚೀಟಿಗಳಿಂದ ಮರೆಯಾಯಿತು. ಜಪಾನಿನಲ್ಲಿಯೂ ರಾಷ್ಟ್ರಪುಷ್ಪವನ್ನು ನಿಗದಿಪಡಿಸಿದ ಕಾನೂನಿಲ್ಲ. ರಾಜಮುದ್ರೆಯ ಸೇವಂತಿಗೆ, ಜನರ ಹಬ್ಬದ ಚೆರ್ರಿ ಹೂವು ಎರಡೂ ರೂಢಿಯಿಂದಲೇ ಆ ಗೌರವವನ್ನು ಹಂಚಿಕೊಂಡಿವೆ. ಎರಡನೆಯದಕ್ಕೆ ಪ್ರಭುತ್ವದ ಪತನ ಏನೂ ಮಾಡಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆ ಶಾಸನಸಭೆಯ ವಾದದ ವಸ್ತುವಾಯಿತು. ಸೆನೆಟರ್ ಎವರೆಟ್ ಡರ್ಕ್ಸನ್ ಅವರು 1969ರಲ್ಲಿ ತೀರಿಕೊಳ್ಳುವವರೆಗೂ ಚೆಂಡುಹೂವಿನ ಪರವಾಗಿ ವಾದಿಸಿದರು. ನಮ್ಮ ಆಯುಧಪೂಜೆಯ ಮಾಲೆಗಳ ಈ ಹೂವಿನ ಮೂಲ ಅಮೆರಿಕ ಖಂಡವೇ ಆದುದರಿಂದ ಅವರ ವಾದ ನಿರಾಧಾರವಾಗಿರಲಿಲ್ಲ. ಕೊನೆಗೆ 1986ರಲ್ಲಿ ಗುಲಾಬಿಗೆ ಆ ಸ್ಥಾನ ಸಿಕ್ಕಿತು. ಅದಕ್ಕೂ ನಾಲ್ಕು ವರ್ಷ ಮೊದಲೇ, 1982ರ ಏಪ್ರಿಲ್ 14ರಂದು, ಐವತ್ತು ರಾಜ್ಯಗಳ ಐವತ್ತು ಹಕ್ಕಿಗಳು ಮತ್ತು ಹೂವುಗಳನ್ನು ಅಲ್ಲಿನ ಅಂಚೆ ಇಲಾಖೆ ಒಂದೇ ಹಾಳೆಯಲ್ಲಿ ಅಚ್ಚು ಹಾಕಿತ್ತು. ಒಕ್ಕೂಟದ ಪ್ರತಿಯೊಂದು ಅಂಗಕ್ಕೂ ಹೂವಿದ್ದು ಒಕ್ಕೂಟಕ್ಕೆ ಇರಲಿಲ್ಲ! ಸಿಂಗಪುರ 1965ರಲ್ಲಿ ಸ್ವತಂತ್ರವಾಗಿ 1981ರಲ್ಲಿ ತನ್ನ ಹೂವನ್ನು ಆರಿಸಿತು. ಆರಿಸಿದ್ದು ವಾಂಡಾ ಮಿಸ್ ಜೋಕಿಮ್ ಎಂಬ ಮಿಶ್ರತಳಿಯ ಆರ್ಕಿಡ್. ಹಲವು ಮೂಲಗಳ ಜನರಿರುವ ನಗರರಾಷ್ಟ್ರಕ್ಕೆ ಅದು ತಕ್ಕ ಆಯ್ಕೆಯೇ. ಆಸ್ಟ್ರೇಲಿಯಾ ತನ್ನ ವಾಟಲ್ ಹೂವನ್ನು ಅಧಿಕೃತಗೊಳಿಸಿದ್ದು 1988ರಷ್ಟು ತಡವಾಗಿ.

ಹೊಸ ರಾಷ್ಟ್ರಗಳು ತಮ್ಮ ಮೊದಲ ಚೀಟಿಗಳಲ್ಲಿ ಹೂವನ್ನು ಇಡುವುದು ವಿರಳವೆಂಬುದಕ್ಕೆ ಬಾಂಗ್ಲಾದೇಶ ಇನ್ನೊಂದು ನಿದರ್ಶನ. ವಿಮೋಚನಾ ಯುದ್ಧದ ನಡುವೆ, 1971ರ ಜುಲೈ 29ರಂದು, ಬಿಮಾನ್ ಮಲ್ಲಿಕ್ ಅವರ ವಿನ್ಯಾಸದಲ್ಲಿ ಹೊರಬಂದ ಎಂಟು ಚೀಟಿಗಳಲ್ಲಿ ಭೂಪಟ, ಢಾಕಾ ವಿಶ್ವವಿದ್ಯಾಲಯದ ಹತ್ಯಾಕಾಂಡ, ಧ್ವಜ, ಕಡಿದ ಸಂಕೋಲೆ, ಷೇಖ್ ಮುಜಿಬುರ್ ರಹಮಾನ್ ಮುಂತಾದವು ಇವೆ. ಆ ದೇಶದ ಶಾಪ್ಲಾ ಹೂವು ಅನಂತರ ರಾಷ್ಟ್ರಲಾಂಛನದಲ್ಲಿ ಅರಳಿತು. ಶಾಪ್ಲಾವನ್ನು ಕೆಲವು ಬರಹಗಳಲ್ಲಿ ತಾವರೆಯೆಂದು ಅನುವಾದಿಸಿರುವುದುಂಟು. ಇದು ತಪ್ಪು, ಅದು ಬಿಳಿ ನೈದಿಲೆ. ಹಗಲು ಅರಳುವ ತಾವರೆಯನ್ನೂ ಇರುಳು ಅರಳುವ ನೈದಿಲೆಯನ್ನೂ ಸೂರ್ಯಚಂದ್ರರಿಗೆ ಹಂಚಿಕೊಟ್ಟ ಕಾವ್ಯಪರಂಪರೆಯುಳ್ಳ ಕನ್ನಡದಲ್ಲಿ ಈ ಗೊಂದಲ ಬರಬೇಕಾಗಿಲ್ಲ.

ಭಾರತದಲ್ಲಿ ತಾವರೆಯು ಪ್ರಭುತ್ವದ ಬಳಕೆಗೆ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ. 1954ರಲ್ಲಿ ಸ್ಥಾಪನೆಯಾದ ಪದ್ಮ ಪ್ರಶಸ್ತಿಗಳು ಹೆಸರಿನಲ್ಲಿಯೂ ಪದಕದಲ್ಲಿಯೂ ತಾವರೆಯನ್ನು ಧರಿಸಿವೆ. 1968ರಿಂದ 1971ರವರೆಗೆ ಟಂಕಿಸಿದ ಹಳದಿ ಬಣ್ಣದ 20 ಪೈಸೆ ನಾಣ್ಯದ ಮೇಲೆ ಅರಳಿದ ತಾವರೆಯಿತ್ತು. ಪ್ರಶಸ್ತಿ ಕೆಲವರದು, ನಾಣ್ಯ ಎಲ್ಲರದು. 1977ರ ಚೀಟಿ ಈ ಕ್ರಮದ ಮುಂದಿನ ಹೆಜ್ಜೆ.

ಆ ವರ್ಷದ ನಾಲ್ಕು ಹೂವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ರಾಷ್ಟ್ರಪುಷ್ಪವೆಂಬ ಕಲ್ಪನೆಯ ಇಕ್ಕಟ್ಟು ತಾನಾಗಿಯೇ ಬಯಲಾಗುತ್ತದೆ. ರೋಡೋಡೆಂಡ್ರಾನ್ ಹಿಮಾಲಯದ ಇಳಿಜಾರುಗಳ ಹೂವು. ಅದೇ ಲಾಲಿ ಗುರಾಂಸ್ ಎಂಬ ಹೆಸರಿನಲ್ಲಿ ನೇಪಾಳದ ರಾಷ್ಟ್ರಪುಷ್ಪ. ಅರಸೊತ್ತಿಗೆಯ ಅಧಿಕಾರ ಕುಸಿದ 2006ರಲ್ಲಿ ಆ ದೇಶ ರೂಪಿಸಿಕೊಂಡ ಹೊಸ ಲಾಂಛನವನ್ನು ಈ ಹೂವಿನ ಮಾಲೆ ಸುತ್ತುವರಿದಿದೆ. ಭಾರತದೊಳಗೆ ನಾಗಾಲ್ಯಾಂಡಿನ ರಾಜ್ಯಪುಷ್ಪವೂ ಉತ್ತರಾಖಂಡದ ರಾಜ್ಯವೃಕ್ಷವೂ ಇದೇ. ಗಡಿರೇಖೆಯನ್ನು ಹೂವು ಅರಿಯದು.

ಕದಂಬದ ಚೀಟಿಯನ್ನು ಕಂಡ ಉತ್ತರ ಭಾರತೀಯನಿಗೆ ಯಮುನಾತೀರದ ಕೃಷ್ಣನ ನೆನಪಾಗುವುದು ಸಹಜ. ಕನ್ನಡಿಗನಿಗೆ ಅದು ಬೇರೆಯದೇ ಸ್ಮೃತಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಬನವಾಸಿಯ ಅರಸುಮನೆತನದ ಮೂಲವನ್ನು ಹೇಳುವಾಗ, ಆ ಬ್ರಾಹ್ಮಣ ಕುಟುಂಬದವರು ತಮ್ಮ ಮನೆಯ ಬಳಿ ಬೆಳೆದಿದ್ದ ಕದಂಬವೃಕ್ಷವನ್ನು ಅಕ್ಕರೆಯಿಂದ ಪಾಲಿಸಿದ್ದರಿಂದ ಅದರ ಹೆಸರನ್ನು ಪಡೆದರೆಂದು ತಿಳಿಸುತ್ತದೆ. ಕವಿ ಕುಬ್ಜನು ರಚಿಸಿದ, ಶಾಂತಿವರ್ಮನ ಕಾಲದ ಈ ಐದನೆಯ ಶತಮಾನದ ಸಂಸ್ಕೃತ ಶಾಸನದಲ್ಲಿಯೇ ಮಯೂರಶರ್ಮನು ಕಂಚಿಯಲ್ಲಿ ಪಟ್ಟ ಅವಮಾನದ ಪ್ರಸಂಗವೂ ಬರುತ್ತದೆ. ಸಸ್ಯವೊಂದು ರಾಜಕೀಯ ಅಸ್ತಿತ್ವಕ್ಕೆ ಹೆಸರು ಕೊಟ್ಟ ಇಂತಹ ಸ್ಪಷ್ಟ ಲಿಖಿತ ಸಾಕ್ಷ್ಯ ತಾವರೆಗೂ ಇಲ್ಲ. 1977ರ ಚೀಟಿಯ ಉದ್ದೇಶ ಬನವಾಸಿಯಾಗಿರಲಿಲ್ಲವೆಂಬುದು ನಿಜ. ಆದರೆ ಚೀಟಿಯ ಅರ್ಥ ಅದನ್ನು ಹೊರಡಿಸಿದವರ ಉದ್ದೇಶಕ್ಕೆ ಸೀಮಿತವಾಗಿರುವುದಿಲ್ಲ. ಅದನ್ನು ಬಿಡಿಸಿ ಇಟ್ಟುಕೊಳ್ಳುವವನ ನೆನಪಿನಲ್ಲಿಯೂ ಅದು ರೂಪುಗೊಳ್ಳುತ್ತದೆ.

ಎಲ್ಲಕ್ಕಿಂತ ಸಂಕೀರ್ಣವಾದದ್ದು ಎರಡು ರೂಪಾಯಿಯ ಚೀಟಿಯ ಗೌರಿ ಹೂವು. ಬೇಲಿಗೆ ಹಬ್ಬುವ ಈ ಬಳ್ಳಿಯ ಹೂವಿಗೆ ಮೇಲ್ಮುಖವಾಗಿ ಬಾಗಿದ, ಅಂಚು ಅಲೆಅಲೆಯಾದ, ಹಳದಿಯಿಂದ ಕೆಂಪಿಗೆ ತಿರುಗುವ ಎಸಳುಗಳಿವೆ. ಸಂಸ್ಕೃತದಲ್ಲಿ ಅಗ್ನಿಶಿಖೆಯೆಂಬ ಹೆಸರು ಬಂದದ್ದು ಆ ರೂಪದಿಂದ. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಕನ್ನಡದಲ್ಲಿ ಅದು ಗೌರಿ ಹೂವು. ಪೂಜೆಗೆ ಸಲ್ಲುವ ಈ ಗಿಡದ ಗೆಡ್ಡೆ ಮಾತ್ರ ಕಡು ವಿಷ. ತಮಿಳಿನಲ್ಲಿ ಅದು ಕಾಂದಳ್. ಸಂಗಂ ಕಾಲದ ಕಪಿಲರ ಕುರಿಂಜಿಪ್ಪಾಟ್ಟಿನಲ್ಲಿ ಬರುವ ತೊಂಬತ್ತೊಂಬತ್ತು ಹೂವುಗಳ ಪಟ್ಟಿ ಆರಂಭವಾಗುವುದು ಇದರಿಂದಲೇ. ತಮಿಳುನಾಡು ಇದನ್ನು ರಾಜ್ಯಪುಷ್ಪವಾಗಿ ಇಟ್ಟುಕೊಂಡಿದೆ. ಆಫ್ರಿಕದ ಜಿಂಬಾಬ್ವೆಗೂ ಇದು ರಾಷ್ಟ್ರಪುಷ್ಪ. ಆ ದೇಶವು ದಕ್ಷಿಣ ರೊಡೇಷಿಯಾ ಎಂಬ ಬಿಳಿಯರ ಆಳ್ವಿಕೆಯ ವಸಾಹತಾಗಿದ್ದಾಗ, 1947ರಲ್ಲಿ, ರಾಜಕುಮಾರಿ ಎಲಿಜಬೆತ್‌ಗೆ ಇದೇ ಹೂವಿನ ಆಕಾರದ ವಜ್ರದ ಆಭರಣವನ್ನು ಉಡುಗೊರೆಯಾಗಿ ನೀಡಲಾಗಿತ್ತು. 1953ರ ಅಲ್ಲಿನ ಚೀಟಿಯೊಂದರಲ್ಲಿಯೂ ಅದು ಕಾಣಿಸಿಕೊಂಡಿತು. 1980ರಲ್ಲಿ ಬಹುಸಂಖ್ಯಾತರ ಸರ್ಕಾರ ಬಂದು ದೇಶದ ಹೆಸರು ಬದಲಾದರೂ ಹೂವು ಬದಲಾಗಲಿಲ್ಲ. ಇತ್ತ ಶ್ರೀಲಂಕೆಯ ಅಂತರ್ಯುದ್ಧದ ಕಾಲದಲ್ಲಿ ಪ್ರತ್ಯೇಕ ತಮಿಳು ಈಳಂಗಾಗಿ ಹೋರಾಡುತ್ತಿದ್ದವರು ಇದನ್ನೇ ತಮ್ಮ ರಾಷ್ಟ್ರಪುಷ್ಪವೆಂದು 2003ರಲ್ಲಿ ಸಾರಿದರು. ಕಾರ್ತಿಕ ಮಾಸದಲ್ಲಿ ಅಲ್ಲಿ ಅರಳುವ ಕಾರ್ತಿಗೈಪ್ಪೂ ಮಡಿದವರ ಸ್ಮರಣೆಯೊಡನೆ ಬೆರೆತಿತ್ತು. 2009ರಲ್ಲಿ ಆ ಯುದ್ಧ ಮುಗಿಯಿತು. ಹಬ್ಬದ ಹೂವು, ವಸಾಹತಿನ ಒಡವೆ, ಸ್ವತಂತ್ರ ರಾಷ್ಟ್ರದ ಗುರುತು, ನೆಲೆಗಾಣದ ರಾಷ್ಟ್ರದ ಹಂಬಲ ಇವೆಲ್ಲವನ್ನೂ ಹೊತ್ತ ಹೂವು ಭಾರತದ ಚೀಟಿಯಲ್ಲಿ ನಿರುಪದ್ರವಿಯಾದ ಸಸ್ಯಚಿತ್ರವಾಗಿ ಉಳಿದಿದೆ.

1977ರ ಅನಂತರದ ಹೂವಿನ ಚೀಟಿಗಳಲ್ಲಿ ಸಂಕೇತಕ್ಕಿಂತ ಸಸ್ಯಶಾಸ್ತ್ರವೇ ಮುಂದಾಗುತ್ತದೆ. 1981ರ ಹೂಬಿಡುವ ಮರಗಳ ಮಾಲಿಕೆಯಲ್ಲಿ ಮುತ್ತುಗ, ಕಕ್ಕೆ ಮೊದಲಾದವು ಬಂದವು. 1982ರಲ್ಲಿ ಬ್ರಹ್ಮಕಮಲವೂ ಸೇರಿದಂತೆ ಹಿಮಾಲಯದ ಹೂವುಗಳು. 2006ರಲ್ಲಿ ಶ್ರೀಗಂಧದ ಚೀಟಿಗೆ ಪರಿಮಳವನ್ನು ಸೇರಿಸಿದ ಮೇಲೆ 2007ರಲ್ಲಿ ಗುಲಾಬಿಯ, 2008ರಲ್ಲಿ ಮಲ್ಲಿಗೆಯ ಸುವಾಸಿತ ಚೀಟಿಗಳು ಪ್ರಕಟವಾದವು. ಪತ್ರ ಬರೆಯುವ ಅಭ್ಯಾಸವೇ ಕ್ಷೀಣಿಸುತ್ತಿದ್ದ ಕಾಲದ ಈ ಚೀಟಿಗಳು ಲಕೋಟೆಗಿಂತ ಸಂಗ್ರಾಹಕನ ಪುಸ್ತಕವನ್ನೇ ಉದ್ದೇಶಿಸಿದ್ದವು. ಇವುಗಳ ಮಹತ್ವ ಬೇರೆ ಬಗೆಯದು.

ತಾವರೆಯ ಚೀಟಿಯ ಬಗ್ಗೆ ಕಾಲವಿಪರ್ಯಾಸದ ಒಂದು ಓದೂ ಸಾಧ್ಯ. 1977ರ ಮಾರ್ಚ್‌ನಲ್ಲಿ ಕೇಂದ್ರದಲ್ಲಿ ಜನತಾ ಪಕ್ಷದ ಸರ್ಕಾರ ಬಂದಿತ್ತು; ಅದರಲ್ಲಿ ಭಾರತೀಯ ಜನಸಂಘವೂ ವಿಲೀನವಾಗಿತ್ತು. ಆದರೆ ಜನಸಂಘದ ಚಿಹ್ನೆ ದೀಪ. ತಾವರೆಯನ್ನು ಚಿಹ್ನೆಯಾಗಿ ಪಡೆದ ಭಾರತೀಯ ಜನತಾ ಪಕ್ಷ ಹುಟ್ಟಿದ್ದು 1980ರ ಏಪ್ರಿಲ್‌ನಲ್ಲಿ. ಚೀಟಿಯ ತಾವರೆಯಲ್ಲಿ ಪಕ್ಷದ ತಾವರೆಯನ್ನು ಕಾಣಲು ಆಧಾರವಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರಭುತ್ವವು ತಾವರೆಯನ್ನು ಬಳಸಿದಾಗಲೆಲ್ಲ ಅದು ರಾಷ್ಟ್ರದ್ದೋ ಪಕ್ಷದ್ದೋ ಎಂಬ ಪ್ರಶ್ನೆ ಏಳುವಂತಾಯಿತು. ಅಧಿಸೂಚನೆಯಿಲ್ಲದ ಸಂಕೇತಕ್ಕೆ ಆ ಪ್ರಶ್ನೆಯನ್ನು ಎದುರಿಸುವುದು ಇನ್ನಷ್ಟು ಕಷ್ಟ. 2019ರ ಡಿಸೆಂಬರಿನಲ್ಲಿ ಹೊಸ ಪಾಸ್‌ಪೋರ್ಟ್‌ಗಳಲ್ಲಿ ತಾವರೆಯ ಅಚ್ಚು ಇರುವುದನ್ನು ಲೋಕಸಭೆಯಲ್ಲಿ ಪ್ರತಿಪಕ್ಷದವರು ಆಕ್ಷೇಪಿಸಿದರು. ಅದು ನಕಲನ್ನು ತಡೆಯುವ ಭದ್ರತಾ ಕ್ರಮದ ಭಾಗವೆಂದೂ, ತಾವರೆ ರಾಷ್ಟ್ರಪುಷ್ಪವೆಂದೂ, ಇತರ ರಾಷ್ಟ್ರೀಯ ಸಂಕೇತಗಳನ್ನೂ ಸರದಿಯಂತೆ ಬಳಸಲಾಗುವುದೆಂದೂ ವಿದೇಶಾಂಗ ಇಲಾಖೆಯ ವಕ್ತಾರರು ಉತ್ತರಿಸಿದರು. ರಾಷ್ಟ್ರಪುಷ್ಪದ ಅಧಿಸೂಚನೆಯೇ ಇಲ್ಲವೆಂದು ಅದೇ ಸರ್ಕಾರದ ಗೃಹ ಇಲಾಖೆ ರಾಜ್ಯಸಭೆಗೆ ತಿಳಿಸಿ ಆಗ ಐದು ತಿಂಗಳಾಗಿತ್ತು. ಒಂದು ಇಲಾಖೆ ರಾಜಪತ್ರವನ್ನು ನೋಡಿ ಹೇಳಿತ್ತು. ಇನ್ನೊಂದು, ಪದಕ, ನಾಣ್ಯ ಮತ್ತು 25 ಪೈಸೆಯ ಆ ಚೀಟಿಗಳು ರೂಢಿಸಿಟ್ಟಿದ್ದನ್ನು ಹೇಳಿತು.